ಘಟ್ಟ ಹತ್ತಿದ ಕಡಲು

ಮಳೆಗಾಲದ ಸುದ್ದಿಗಳಲ್ಲಿ ನಿಪ್ಪಾಣಿ ತಾಲ್ಲೂಕಿನ ಅಕ್ಕೋಳದ ಹೆಸರು ಬಂತೆಂದರೆ ಕಾರಣ ಹೆಚ್ಚಾಗಿ ಒಂದೇ. ಪಾಟಗಾಂವದ ಕಡೆ ಘಟ್ಟದಲ್ಲಿ ನಾಲ್ಕು ದಿನ ಜಡಿಮಳೆ ಹಿಡಿದರೆ ಸಾಕು, ವೇದಗಂಗೆ ಉಕ್ಕಿ ಅಕ್ಕೋಳ–ಸಿದ್ನಾಳ ನಡುವಿನ ಕೆಳಮಟ್ಟದ ಸೇತುವೆ ಮುಳುಗುತ್ತದೆ. ಈ ದಂಡೆಯವರು ಆ ದಂಡೆಗೆ ಹೋಗಲು ಸುತ್ತು ಹಾಕಬೇಕು. ಹೊಳೆ ಇಳಿದ ಮೇಲೆ ನೋಡಿದರೆ ಬೇಸಗೆಯಲ್ಲಿ ಹಸಿರುಗಟ್ಟಿ ನಿಂತಿದ್ದ ಮಡುವಿನ ನೀರೆಲ್ಲ ಕೊಚ್ಚಿಹೋಗಿ ಹೊಸ ನೀರು ಬಂದು ಕೂತಿರುತ್ತದೆ. ವರ್ಷಕ್ಕೊಮ್ಮೆ ಹೊಳೆ ತನ್ನ ನೀರನ್ನು ತಾನೇ ಬದಲಿಸಿಕೊಳ್ಳುತ್ತದೆ, ಯಾರೂ ಬಕೆಟ್ಟು ಹಿಡಿಯಬೇಕಿಲ್ಲ.

ಮನೆಯೊಳಗಿನ ಗಾಜಿನ ತೊಟ್ಟಿಗೆ ಆ ಭಾಗ್ಯವಿಲ್ಲ. ಅದರಲ್ಲೂ ಉಪ್ಪುನೀರು ತುಂಬಿ, ಹವಳ ಬೆಳೆಸಿ, ಕಿತ್ತಳೆ ಬಣ್ಣದ ಕ್ಲೌನ್ ಮೀನು ಬಿಟ್ಟ ತೊಟ್ಟಿಯಾದರಂತೂ ಕೆಲಸ ತಪ್ಪುವುದೇ ಇಲ್ಲ. ಮೀನು ತಿಂದದ್ದು, ತಿನ್ನದೆ ಬಿಟ್ಟದ್ದು ಎಲ್ಲ ಕೊಳೆತು ಅಮೋನಿಯ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಮುಂದೆ ನೈಟ್ರೇಟ್ ಮಾಡಿ ಅಲ್ಲಿಗೇ ಕೈಬಿಡುತ್ತವೆ. ನೈಟ್ರೇಟ್ ದಿನೇ ದಿನೇ ಸೇರುತ್ತ ಹೋಗುತ್ತದೆ. ಇತ್ತ ಹವಳವು ತನ್ನ ಅಸ್ಥಿಪಂಜರ ಕಟ್ಟಿಕೊಳ್ಳಲು ನೀರಿನ ಸುಣ್ಣದಂಶವನ್ನು ಹೀರುತ್ತಿರುತ್ತದೆ. ಬೇಡದ್ದು ಹೆಚ್ಚಾಗುತ್ತದೆ, ಬೇಕಾದದ್ದು ಕಡಿಮೆಯಾಗುತ್ತದೆ. ಎರಡಕ್ಕೂ ಹಳೆಯ ಮದ್ದು ಒಂದೇ: ಒಂದಿಷ್ಟು ನೀರು ತೆಗೆದು ಅಷ್ಟೇ ಹೊಸ ನೀರು ಹಾಕುವುದು.

ಹೇಳಿದಷ್ಟು ಹಗುರವಲ್ಲ ಇದು. 200 ಲೀಟರಿನ ತೊಟ್ಟಿಯಲ್ಲಿ ಹತ್ತನೇ ಒಂದು ಪಾಲು ಎಂದರೆ 20 ಲೀಟರ್. ಅಷ್ಟನ್ನು ಹೊತ್ತು ಹಾಕಬೇಕು, ಅಷ್ಟನ್ನು ಹೊತ್ತು ತರಬೇಕು. ತರುವುದಾದರೂ ಎಲ್ಲಿಂದ? ನಿಪ್ಪಾಣಿಯಿಂದ ಕಡಲಿಗೆ ರಸ್ತೆಯೇನೋ ಇದೆ. ರಾಧಾನಗರಿ, ದಾಜೀಪುರ ದಾಟಿ, ಫೋಂಡಾ ಘಟ್ಟ ಇಳಿದು ದೇವಗಡ ಬಂದರಿನ ಕಡೆ ಹೋಗುವ ರಸ್ತೆಯನ್ನು ಮಹಾರಾಷ್ಟ್ರದವರು ದೇವಗಡ–ನಿಪ್ಪಾಣಿ ರಸ್ತೆ ಎಂದೇ ಕರೆಯುತ್ತಾರೆ. ಹಿಂದೆ ಕೊಂಕಣದ ಉಪ್ಪು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಹತ್ತುತ್ತಿತ್ತು, ಈಗ ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹತ್ತುತ್ತದೆ. ಬರಿಯ ಕಡಲ ನೀರನ್ನು ಹೊತ್ತು ತರುವ ಹುಚ್ಚು ಮಾತ್ರ ಈ ದಾರಿಯಲ್ಲಿ ಯಾರಿಗೂ ಹತ್ತಲಿಲ್ಲ.

ಆ ಹುಚ್ಚು ಮೊದಲು ಹತ್ತಿದ್ದು ಲಂಡನ್ನಿನ ಪಾದ್ರಿಯೊಬ್ಬರ ಮನೆಯಲ್ಲಿ.

1846ರ ಶರತ್ಕಾಲ. ವೆಸ್ಟ್‌ಮಿನ್‌ಸ್ಟರ್ ಮಠದ ಉಪಾಧಿಕಾರಿಯಾಗಿದ್ದ ಲಾರ್ಡ್ ಜಾನ್ ಥಿನ್ ಅವರ ಹೆಂಡತಿ ಆ್ಯನಾ ಥಿನ್ ದಕ್ಷಿಣ ಇಂಗ್ಲೆಂಡಿನ ಟಾರ್ಕಿ ಕಡಲತೀರಕ್ಕೆ ಹೋಗಿದ್ದಳು. ಅಲ್ಲಿನ ಬಂಡೆಗಳಲ್ಲಿ ಸಿಗುವ ಪುಟ್ಟ ಬಟ್ಟಲಿನಂಥ ಕಲ್ಲುಹವಳ ಅವಳ ಕಣ್ಣಿಗೆ ಬಿತ್ತು. ಲಂಡನ್ನಿಗೆ ಜೀವಂತವಾಗಿ ಒಯ್ಯಬೇಕು, ದಾರಿಯಲ್ಲಿ ಒಂದಕ್ಕೊಂದು ಬಡಿದು ಒಡೆಯಬಾರದು. ಅವಳು ಸೂಜಿದಾರ ತೆಗೆದುಕೊಂಡು ಹವಳಗಳನ್ನು ದೊಡ್ಡದೊಂದು ಸ್ಪಂಜಿಗೆ ಹೊಲಿದಳು, ಆ ಸ್ಪಂಜನ್ನು ಕಡಲ ನೀರು ತುಂಬಿದ ಜಾಡಿಯಲ್ಲಿ ಇಳಿಬಿಟ್ಟಳು. ಕಡಲಜೀವಿಗಳನ್ನು ಮನೆಯೊಳಗೆ ವರ್ಷಗಟ್ಟಲೆ ಸಾಕಿದವರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈಕೆಯಿಂದಲೇ ಆರಂಭಿಸುತ್ತಾರೆ. ಅಲ್ಲೊಂದು ಸ್ವಾರಸ್ಯವೂ ಇದೆ. ಮನೆಯ ಉಪ್ಪುನೀರಿನ ತೊಟ್ಟಿಯ ಕತೆ ಶುರುವಾದದ್ದು ಮೀನಿನಿಂದಲ್ಲ, ಹವಳದಿಂದ.

ಮೊದಮೊದಲು ಅವಳು ದಿನ ಬಿಟ್ಟು ದಿನ ನೀರು ಬದಲಿಸುತ್ತಿದ್ದಳು. ತಂದ ಕಡಲ ನೀರು ಎಷ್ಟು ದಿನ ಬಂದೀತು? ಮುಗಿಯುತ್ತ ಬಂದಾಗ ಹೊಸದೊಂದು ಉಪಾಯ ಹೂಡಿದಳು. ತೆರೆದ ಕಿಟಕಿಯ ಮುಂದೆ ನಿಂತು ಅದೇ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ, ಅರ್ಧ ಮುಕ್ಕಾಲು ಗಂಟೆ ಎತ್ತಿ ಸುರಿಯುವುದು. ಚಹಾ ಆರಿಸುವ ಹಾಗೆ. ಗಾಳಿ ಬೆರೆತು ನೀರು ಮತ್ತೆ ಉಸಿರಾಡುವಂತಾಗುತ್ತಿತ್ತು. ಕೈ ಸೋಲುವ ಕೆಲಸ ಎಂದು ಅವಳೇ ಒಪ್ಪಿಕೊಂಡಿದ್ದಾಳೆ. ಆದರೆ ಮನೆಯಲ್ಲಿ ಕೆಲಸದ ಹುಡುಗಿ ಇದ್ದಳಂತೆ, ಅವಳಿಗೆ ಇದೊಂದು ಮೋಜೆನಿಸುತ್ತಿತ್ತಂತೆ. ಹುಡುಗಿಗೆ ನಿಜಕ್ಕೂ ಮೋಜೆನಿಸಿತ್ತೋ ಇಲ್ಲವೋ, ಮನೆಯಲ್ಲಿ ನೀರು ಹೊರುವ ಯಾರನ್ನಾದರೂ ಕೇಳಿದರೆ ಗೊತ್ತಾದೀತು. 1847ರಲ್ಲಿ ಕಡಲಪಾಚಿ ಹತ್ತಿದ ಕಲ್ಲುಗಳನ್ನು ತರಿಸಿ ತೊಟ್ಟಿಗೆ ಹಾಕಿದ ಮೇಲೆ ಪಾಚಿಯೇ ಆಮ್ಲಜನಕ ಕೊಡತೊಡಗಿ ಸುರಿಯುವ ಕೆಲಸ ಹಗುರಾಯಿತು. ಅವಳ ಹವಳಗಳು ಮೂರು ವರ್ಷದ ಹತ್ತಿರ ಬದುಕಿದವು. ಆ ಅನುಭವವನ್ನು ಅವಳು 1859ರಲ್ಲಿ ನಿಸರ್ಗವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಳು.

ಆ್ಯನಾ ಥಿನ್ ಕಿಟಕಿಯಲ್ಲಿ ನೀರು ಸುರಿಸುತ್ತಿದ್ದ ಕಾಲಕ್ಕೆ ವೇದಗಂಗೆ, ದೂಧಗಂಗೆಯ ದಂಡೆಗಳಲ್ಲಿ ನೀರು ಮೇಲೇರುತ್ತಿದ್ದುದು ಎತ್ತಿನ ಹೆಗಲಿನ ಮೇಲೆ. ಮರಾಠಿ ಮಾತಾಡುವ ಮನೆಯವರು ಮೋಟ್ ಎನ್ನುತ್ತಿದ್ದರು, ಕನ್ನಡದವರು ಕಪಲಿ ಎನ್ನುತ್ತಿದ್ದರು. ದೊಡ್ಡ ತೊಗಲಿನ ಚೀಲ, ಅದರ ತಳದಲ್ಲಿ ಆನೆಯ ಸೊಂಡಿಲಿನಂಥ ಬಾಲ. ಚೀಲಕ್ಕೆ ದಪ್ಪ ಹಗ್ಗ, ಸೊಂಡಿಲಿಗೆ ಸಣ್ಣ ಹಗ್ಗ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ಚೀಲ ಮೇಲೆ ಬರುತ್ತದೆ. ಸೊಂಡಿಲು ಮೇಲಕ್ಕೆ ಮಡಚಿಕೊಂಡಿರುವುದರಿಂದ ದಾರಿಯಲ್ಲಿ ಹನಿ ಚೆಲ್ಲುವುದಿಲ್ಲ. ಬಾವಿಯ ಬಾಯಿಗೆ ಬಂದಾಗ ಸಣ್ಣ ಹಗ್ಗ ಸೊಂಡಿಲನ್ನು ದೋಣಿಯ ಕಡೆ ಎಳೆಯುತ್ತದೆ, ನೀರು ಭುಸುಗುಟ್ಟುತ್ತ ಕಾಲುವೆಗೆ ಬೀಳುತ್ತದೆ. ಹೊಡೆಯುವವನು ಇಳಿಯುವಾಗ ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಾನೆ. ಆಮೇಲೆ ಎತ್ತುಗಳನ್ನು ಹಿಂದಕ್ಕೆ ನಡೆಸಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ. ಬಗ್ಗಿ ಎತ್ತದೆ, ಕೈಯಿಂದ ಕವುಚದೆ ಚೀಲ ತಾನೇ ಬರಿದಾಗುವಂತೆ ಮಾಡಿದ ಆ ಎರಡನೇ ಹಗ್ಗದ ಜಾಣ್ಮೆಯನ್ನು ಇಂದಿನ ಅಕ್ವೇರಿಯಂ ಅಂಗಡಿಯ ಯಾವ ಸಾಧನವೂ ನಾಚಿಸಲಾರದು.

ಇತ್ತ ಲಂಡನ್ನಿನಲ್ಲಿ ಒಂದು ಕನಸು ಹುಟ್ಟಿತ್ತು. ನೀರನ್ನೇ ಬದಲಿಸದ ತೊಟ್ಟಿಯ ಕನಸು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಸಿಹಿನೀರಿನ ತೊಟ್ಟಿಯಲ್ಲಿ ಹೊಂಬಣ್ಣದ ಮೀನು, ನೀರುಗಿಡ, ಬಸವನಹುಳು ಮೂರನ್ನೂ ಕೂಡಿಸಿ, ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟ ಉಸಿರು ಮೀನಿಗೆ, ಕೊಳೆತ ಎಲೆ ಬಸವನಹುಳುವಿಗೆ ಎಂದು ಲೆಕ್ಕ ಹೊಂದಿಸಿ ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜನರಿಗೆಂದೇ ಮೀನಿನ ಮನೆ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಮುಖ್ಯನಾದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಮಧ್ಯಮವರ್ಗದ ಮನೆಮನೆಗೂ ತೊಟ್ಟಿ ಬಂತು. ನೀರು ಎಲ್ಲಿಂದ ಎಂಬ ಪ್ರಶ್ನೆಯೂ ಜತೆಗೇ ಬಂತು. ಥೇಮ್ಸ್ ನದಿಯ ಬಾಯಿ ದಾಟಿ ಹೋಗುವ ಹಡಗಿನವರಿಗೆ ಹೇಳಿ ನಡುಗಡಲಿನಲ್ಲಿ ನೀರು ತುಂಬಿಸಿಕೊಳ್ಳಿ, ಓಕ್ ಮರದ ಪೀಪಾಯಿ ಮಾತ್ರ ಬೇಡ, ಅದರ ಒಗರು ಇಳಿದರೆ ನೀರು ಕೆಟ್ಟಿತು ಎಂದು ಗಾಸ್ ಓದುಗರಿಗೆ ತಿಳಿಹೇಳಿದ.

ಅವನು ಮಾಡಿದ ಇನ್ನೊಂದು ಕೆಲಸ ಅಕ್ಕೋಳದಂಥ ಒಳನಾಡಿನ ಊರುಗಳ ಲೆಕ್ಕದಲ್ಲಿ ಹೆಚ್ಚಿನದು. ಬ್ರೈಟನ್ನಿನ ಕಡಲ ನೀರಿನ ವಿಶ್ಲೇಷಣೆಯನ್ನು ಮುಂದಿಟ್ಟುಕೊಂಡು 1854ರಲ್ಲಿ ನಾಲ್ಕೇ ಲವಣಗಳಿಂದ ಕಡಲ ನೀರನ್ನು ಮನೆಯಲ್ಲೇ ಕಲಸಿದ: ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್. ಕಡಲಿನ ಭಾರದಲ್ಲಿ ನೂರಕ್ಕೆ ತೊಂಬತ್ತಾರೂವರೆ ಪಾಲು ಬರಿಯ ನೀರು. ಅದನ್ನು ಹೊರುವುದು ಬಿಟ್ಟು ಉಳಿದ ಮೂರೂವರೆ ಪಾಲನ್ನಷ್ಟೇ ಹೊರಬಹುದು ಎಂಬುದು ಅದರಿಂದ ಗೊತ್ತಾಯಿತು. ಉಪ್ಪಿನ ಹೇರೆತ್ತಿನವರಿಗೆ ಇದು ಮೊದಲೇ ತಿಳಿದಿತ್ತು ಅನ್ನಿ.

ಗಾಸ್‌ನ ಸಮಕಾಲೀನ ವಿಲಿಯಂ ಆಲ್ಫರ್ಡ್ ಲಾಯ್ಡ್ ಬೇರೆ ದಾರಿ ಹಿಡಿದ. ಲಂಡನ್ನಿನಲ್ಲಿ ಅಂಗಡಿ ಇಟ್ಟು ಕಡಲಜೀವಿಗಳನ್ನೂ ಕಡಲ ನೀರನ್ನೂ ಮಾರುತ್ತಿದ್ದ ಈತ 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಮ್ಮಿನ ಮೇಲ್ವಿಚಾರಕನಾದ. ಬ್ರೈಟನ್ನಿನಿಂದ ರೈಲಿನಲ್ಲಿ ನೀರು ತರಿಸಿದ. ಗಾಜಿನ ಹಿಂದೆ ಜನ ನೋಡುವ ನೀರಿಗಿಂತ ಹಲವು ಪಟ್ಟು ನೀರನ್ನು ನೆಲದಡಿಯ ಕತ್ತಲ ಕೊಳದಲ್ಲಿ ಇಟ್ಟ. ಪಂಪು ಹಗಲಿರುಳೂ ಕೆಳಗಿನದನ್ನು ಮೇಲಕ್ಕೆ ತಳ್ಳುತ್ತಿತ್ತು, ಮೇಲಿನದು ತಾನಾಗಿ ಕೆಳಗಿಳಿಯುತ್ತಿತ್ತು. ನೀರು ಹೆಚ್ಚಿದ್ದಷ್ಟೂ ಕೊಳೆ ತೆಳುವಾಗಿ ಹರಡುತ್ತದೆ, ಕೆಡುವುದು ನಿಧಾನವಾಗುತ್ತದೆ. ಇಂದು ಮನೆಯ ಹವಳತೊಟ್ಟಿಯ ಕೆಳಗೆ, ಮರದ ಸ್ಟ್ಯಾಂಡಿನೊಳಗೆ ಇನ್ನೊಂದು ತೊಟ್ಟಿ ಅಡಗಿರುತ್ತದೆ. ಹವ್ಯಾಸಿಗಳು ಅದನ್ನು ಕರೆಯುವುದು ಸಂಪ್ ಎಂದು. ಕರ್ನಾಟಕದಲ್ಲಿ ಮನೆ ಕಟ್ಟಿಸಿದವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ. ನೆಲದಡಿ ಸಂಪು, ಮಾಳಿಗೆಯ ಮೇಲೆ ಟ್ಯಾಂಕು, ನಡುವೆ ಮೋಟರ್: ಲಾಯ್ಡ್ ಕಟ್ಟಿದ್ದೂ ಇದನ್ನೇ.

ನೀರನ್ನೇ ಹೊತ್ತು ತರುವ ಹಟದ ತುತ್ತತುದಿ ಕಾಣಿಸಿದ್ದು ಶಿಕಾಗೊ ನಗರದಲ್ಲಿ. ಕಡಲಿನಿಂದ ಬಹುದೂರ, ಸಿಹಿನೀರಿನ ಸರೋವರದ ದಂಡೆಯಲ್ಲಿ 1930ರಲ್ಲಿ ತೆರೆದ ಶೆಡ್ ಅಕ್ವೇರಿಯಮ್ಮಿಗೆ ಫ್ಲಾರಿಡಾದ ಕೀ ವೆಸ್ಟ್‌ನಿಂದ ರೈಲಿನ 20 ಟ್ಯಾಂಕರ್ ಡಬ್ಬಿಗಳು 8 ಸಲ ಹೋಗಿಬಂದು 10 ಲಕ್ಷ ಗ್ಯಾಲನ್ ಕಡಲ ನೀರು ತಂದವು. ಸುಮಾರು 38 ಲಕ್ಷ ಲೀಟರ್. ದಾರಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು.

ಭಾರತದಲ್ಲಿ ಇಂಥ ಮೀನಿನ ಮನೆಗಳನ್ನು ಕಟ್ಟಿದ್ದು ಕಡಲಿನ ಮಗ್ಗುಲಲ್ಲೇ. ಮದ್ರಾಸಿನ ಮರೀನಾ ತೀರದ ಅಕ್ವೇರಿಯಂ 1909ರದು. ಮುಂಬಯಿಯ ಮರೀನ್ ಡ್ರೈವ್‌ನ ತಾರಾಪೋರೆವಾಲಾ ಅಕ್ವೇರಿಯಮ್ಮನ್ನು 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು, ಅಂದರೆ ಅಕ್ಕೋಳದವರ ಪಾಲಿಗೆ ಅದು ತಮ್ಮ ರಾಜಧಾನಿಯ ಮೀನಿನ ಮನೆ. 1956ರ ನವೆಂಬರಿನಲ್ಲಿ ನಿಪ್ಪಾಣಿ ಭಾಗ ಮೈಸೂರು ರಾಜ್ಯಕ್ಕೆ ಸೇರಿತು; ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆಯಲು 1983 ಆಗಬೇಕಾಯಿತು. ಅಲ್ಲಿ ಹೆಚ್ಚಾಗಿ ಕಾಣುವುದು ಸಿಹಿನೀರಿನ ಮೀನು. ಕಡಲಿಲ್ಲದ ಊರಿನಲ್ಲಿ ಅದೇ ಸಹಜ.

ಅಷ್ಟು ಹೊತ್ತಿಗೆ ಈ ಗಡಿನಾಡಿನಲ್ಲಿ ಎತ್ತುಗಳ ಹೆಗಲು ಹಗುರಾಗಿತ್ತು. ಅದರ ಹಿಂದಿನ ಹೆಸರುಗಳಲ್ಲಿ ದೊಡ್ಡದು ಬೆಳಗಾವಿ ಜಿಲ್ಲೆಯದೇ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದವರು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1920ರ ದಶಕದಲ್ಲಿ ಅಲ್ಲಿ ಪಂಪುಗಳ ತಯಾರಿಕೆ ಶುರುವಾಯಿತು. ತಿರುಗುವ ಚಕ್ರವೊಂದು ನೀರನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುತ್ತದೆ, ಆ ವೇಗವೇ ಒತ್ತಡವಾಗಿ ಪೈಪು ಹತ್ತುತ್ತದೆ. ಇಷ್ಟೇ ಯಂತ್ರ. ಮುಂದೆ ಹೊಳೆಗಳಿಗೆ ಕೊಲ್ಲಾಪುರ ಮಾದರಿಯ ಬಂಧಾರಗಳು ಬಂದವು. ಮಳೆ ಮುಗಿದ ಮೇಲೆ ಕಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವುದು, ಮಳೆಗಾಲಕ್ಕೆ ಮೊದಲು ಎತ್ತಿಬಿಡುವುದು. ವಿದ್ಯುತ್ ಬಂತು, ದಂಡೆಗುಂಟ ಪಂಪುಗಳು ಸಾಲುಗಟ್ಟಿದವು, ಹೊಳೆಯ ನೀರು ಕಬ್ಬಿನ ಗದ್ದೆಗೆ ಹತ್ತಿತು. ಹವಳತೊಟ್ಟಿಯ ಸಂಪಿನಲ್ಲಿ ಮುಷ್ಟಿಗಾತ್ರದಷ್ಟಿರುವ ಪಂಪೂ ಇದೇ ಕುಲದ್ದು. ಅದರೊಳಗೆ ನೀರು ತಾಗುವ ಕಡೆ ತಾಮ್ರ ಇರುವಂತಿಲ್ಲ ಎಂಬುದೊಂದೇ ಕಟ್ಟಳೆ. ಪೈರಿನ ರೋಗಕ್ಕೆ ಹೊಡೆಯುವ ಮೈಲುತುತ್ತದ ತಾಮ್ರ ಹವಳಕ್ಕೂ ಸಿಗಡಿಗೂ ವಿಷ.

ಹವ್ಯಾಸದ ಕಡೆ ಎರಡು ತಿರುವುಗಳು ಹೆಚ್ಚುಕಡಿಮೆ ಒಟ್ಟಿಗೆ ಬಂದವು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ದೊಡ್ಡ ಶೋಧಕಗಳೇನೂ ಇಲ್ಲದೆ ಜೀವ ತುಂಬಿದ ಹವಳಗಲ್ಲು, ಕಡಲ ನೀರು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ ಇಷ್ಟರಿಂದಲೇ ಹವಳಗಳನ್ನು ಸಾಕುವ ಬಗೆಯನ್ನು ಅಮೆರಿಕದ ಪತ್ರಿಕೆಯಲ್ಲಿ ಬರೆದ. ಕಲ್ಲಿನ ರಂಧ್ರಗಳೊಳಗಿನ ಬ್ಯಾಕ್ಟೀರಿಯಾಗಳೇ ಕೊಳೆ ತಿನ್ನುತ್ತಿದ್ದವು. ಜಾಣತನ ಹೌದು, ಆದರೆ ಜಕಾರ್ತದಲ್ಲಿ ಕಡಲು ಹಿತ್ತಲಿನಷ್ಟು ಹತ್ತಿರ ಎಂಬುದನ್ನೂ ನೆನಪಿಡಬೇಕು. ಒಳನಾಡಿಗೆ ಬೇಕಾದ ತಿರುವು ಬಂದದ್ದು ಅಮೆರಿಕದ ಒಹಾಯೊದಿಂದ. 1964ರಲ್ಲಿ ಅಲ್ಲಿನ ಅಕ್ವೇರಿಯಂ ಸಿಸ್ಟಮ್ಸ್ ಕಂಪನಿ ‘ಇನ್‌ಸ್ಟಂಟ್ ಓಷನ್’ ಎಂಬ ಪುಡಿಯನ್ನು ಮಾರುಕಟ್ಟೆಗೆ ತಂದಿತು. ಒಹಾಯೊಗೂ ಕಡಲತೀರವಿಲ್ಲ. ಗಾಸ್‌ನ ನಾಲ್ಕು ಲವಣಗಳ ಪಟ್ಟಿಗೆ ಕ್ಯಾಲ್ಸಿಯಂ, ಕಾರ್ಬೊನೇಟು, ಇನ್ನೂ ಹಲವು ಸೇರಿ, ಡಬ್ಬಿಯಲ್ಲಿ ಕಡಲು ಮನೆಬಾಗಿಲಿಗೆ ಬಂತು.

ಅಕ್ಕೋಳದಲ್ಲೋ ನಿಪ್ಪಾಣಿಯಲ್ಲೋ ಇಂದು ಯಾರಾದರೂ ಇಂಥ ತೊಟ್ಟಿ ಇಟ್ಟರೆ ಲೆಕ್ಕ ಹೀಗೆ. ಲೀಟರಿಗೆ 35 ಗ್ರಾಂ ಉಪ್ಪು, ಅಂದರೆ 20 ಲೀಟರಿಗೆ 700 ಗ್ರಾಂ. ಕಲಸುವ ನೀರಿನಲ್ಲಿ ಕ್ಲೋರಿನ್, ಗೊಬ್ಬರದ ನೈಟ್ರೇಟ್ ಏನೂ ಇರಬಾರದು. ಬೋರಿನ ನೀರಾಗಲಿ ನಳದ ನೀರಾಗಲಿ ನೇರವಾಗಿ ಬರುವುದಿಲ್ಲ, ಆರ್‌ಒ ನೀರು ಬೇಕು. ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಹಳ್ಳಿಗಳಿಗೂ ಬಂದಿವೆ. ಅಲ್ಲಿನ ನೀರನ್ನೂ ಟಿಡಿಎಸ್ ಮೀಟರಿನಿಂದ ಅಳೆದು ನೋಡುವುದು ಲೇಸು. ನೀಲಿ ಡ್ರಮ್ಮೊಂದರಲ್ಲಿ ಮೊದಲು ನೀರು, ಆಮೇಲೆ ಉಪ್ಪು. ಹಿಂದುಮುಂದಾದರೆ ಸುಣ್ಣ ಕಟ್ಟಿ ತಳ ಹಿಡಿಯುತ್ತದೆ. ಒಳಗೊಂದು ಪಂಪು ಬಿಟ್ಟು ರಾತ್ರಿಯಿಡೀ ತಿರುಗಿಸಿದರೆ ಬೆಳಿಗ್ಗೆ ತಿಳಿಯಾಗಿರುತ್ತದೆ. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿಗೆ, ಬಿಸಿ ತೊಟ್ಟಿಯಷ್ಟಕ್ಕೇ ಬಂದ ಮೇಲೆ ಹೊಸ ನೀರು ಸಿದ್ಧ.

ಹಳೆಯದನ್ನು ತೆಗೆಯುವುದು ಪೈಪಿನ ಕೆಲಸ. ಕಬ್ಬಿನ ನಾಡಿನವರಿಗೆ ಇದನ್ನು ಕಲಿಸಬೇಕಾಗಿಲ್ಲ. ಕಾಲುವೆಯ ಏರಿ ದಾಟಿಸಿ ಪೈಪು ಇಳಿಬಿಟ್ಟು ಬಾಯಿಂದ ಒಮ್ಮೆ ಎಳೆದರೆ ಸಾಕು, ಆಮೇಲೆ ನೀರು ತಾನೇ ಏರಿ ಇಳಿಯುತ್ತದೆ. ಡೀಸೆಲ್ ಪೀಪಾಯಿಯಿಂದ ಹೀಗೆ ಎಳೆದು ಬಾಯಿ ಸುಟ್ಟುಕೊಂಡವರು ಊರಿಗೊಬ್ಬರಾದರೂ ಇದ್ದಾರೆ. ಹವಳತೊಟ್ಟಿಯಲ್ಲಿ ಬಾಯಿಗೆ ಬರುವುದು ಉಪ್ಪು, ಜತೆಗೆ ಕೆಲವು ಬಗೆಯ ಗುಂಡಿಹವಳಗಳ ಘೋರ ವಿಷ ನೀರಿನಲ್ಲಿ ಬೆರೆತಿರುವ ಭಯ. ಹಾಗಾಗಿ ಜಾಣರು ಪೈಪಿನ ತುಂಬ ಮೊದಲೇ ನೀರು ತುಂಬಿ, ಎರಡು ತುದಿಗೂ ಹೆಬ್ಬೆರಳಿಟ್ಟು ಇಳಿಸುತ್ತಾರೆ. ತೊಟ್ಟಿಯ ಗಾಜಿಗೆ ಟೇಪಿನ ಗುರುತು ಹಚ್ಚಿದರೆ ಅಳತೆಯ ರಗಳೆ ಇಲ್ಲ: ಗುರುತಿನವರೆಗೆ ಇಳಿಸು, ಗುರುತಿನಿಂದ ತುಂಬು. ಡ್ರಮ್ಮನ್ನು ತೊಟ್ಟಿಗಿಂತ ಎತ್ತರದಲ್ಲಿಟ್ಟರೆ ತುಂಬಲು ಕರೆಂಟೂ ಬೇಡ. ಆವಿಯಾಗಿ ಹೋಗುವುದು ನೀರು, ಉಪ್ಪಲ್ಲ. ಆದ್ದರಿಂದ ದಿನದಿನದ ಭರ್ತಿಗೆ ಸಿಹಿನೀರೇ ಬೇಕು, ಅದಕ್ಕೆ ಮಾಳಿಗೆಯ ಟ್ಯಾಂಕಿನಲ್ಲಿರುವಂಥ ಸಣ್ಣ ಬಾಲ್‌ಕಾಕ್ ಸಾಕು.

ಈಗ ಇನ್ನೂ ಮುಂದೆ ಹೋಗಿದ್ದಾರೆ. ಎರಡು ತಲೆಯ ಪುಟ್ಟ ಪಂಪು, ಒಂದು ತಲೆ ಹಳೆಯ ನೀರನ್ನು ಎಳೆಯುತ್ತದೆ, ಇನ್ನೊಂದು ಅಷ್ಟೇ ಹೊಸದನ್ನು ಹಾಕುತ್ತದೆ, ದಿನಕ್ಕೆ ನೂರರಲ್ಲೊಂದು ಪಾಲು. ಒಂದೇ ಸಲ 30 ಪಾಲು ಬದಲಿಸಿದರೆ 30 ಪಾಲು ಕೊಳೆ ಹೋಗುತ್ತದೆ. ದಿನಕ್ಕೊಂದರಂತೆ 30 ದಿನ ಬದಲಿಸಿದರೆ ಹೋಗುವುದು 26 ಪಾಲು, ಏಕೆಂದರೆ ಹಾಕಿದ ಹೊಸ ನೀರಿನಲ್ಲೂ ಒಂದಿಷ್ಟು ಮರುದಿನ ಹೊರಗೆ ಹೋಗುತ್ತದೆ. ನಾಲ್ಕು ಪಾಲಿನ ನಷ್ಟಕ್ಕೆ ಬೆನ್ನುನೋವು ತಪ್ಪುತ್ತದೆ. ಹವಳಕ್ಕೂ ಹಠಾತ್ ಬದಲಾವಣೆಯಿಲ್ಲ.

ತೊಟ್ಟಿಯೊಳಗೆ ಏನನ್ನು ಇಡಬಹುದು ಎಂಬುದಕ್ಕೆ ಕಾನೂನಿನ ಗೆರೆಯೂ ಇದೆ. 2001ರ ಜುಲೈನಲ್ಲಿ ಕಲ್ಲುಹವಳಗಳು, ಕಡಲಬೀಸಣಿಗೆ, ಕಡಲಕುದುರೆಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಮುರ್ಡೇಶ್ವರದಾಚೆಯ ನೇತ್ರಾಣಿ ನಡುಗಡ್ಡೆಯ ಸುತ್ತ ಮುಳುಗಿ ಹವಳ ನೋಡಿ ಬರಬಹುದು, ಕಿತ್ತು ತರುವಂತಿಲ್ಲ. ಆ್ಯನಾ ಥಿನ್‌ಳ ಸೂಜಿದಾರಕ್ಕೆ ಇಲ್ಲಿ ಜೈಲು.

ಹೊರಗೆ ತೆಗೆದ ನೀರಿನ ಮಾತು ಉಳಿಯಿತು. 15 ದಿನಕ್ಕೊಮ್ಮೆ 700 ಗ್ರಾಂ ಎಂದರೆ ವರ್ಷಕ್ಕೆ 17 ಕಿಲೋ ಉಪ್ಪು ಬಚ್ಚಲಿಗೆ ಹೋಗುತ್ತದೆ. ಅದನ್ನು ಹಿತ್ತಲಿನ ತೆಂಗಿಗೋ ಕರಿಬೇವಿಗೋ ಸುರಿಯಬೇಕೆಂದು ಯಾರಿಗೂ ಅನಿಸಲಾರದು. ಕೃಷ್ಣೆಯ ದಂಡೆಯ ಅಥಣಿ, ಕಾಗವಾಡದ ಕಡೆ ವರ್ಷಗಟ್ಟಲೆ ಪಂಪು ಹಚ್ಚಿ ಕಬ್ಬಿಗೆ ನೀರು ನಿಲ್ಲಿಸಿದ ಗದ್ದೆಗಳಲ್ಲಿ ಅಡಿಯ ಉಪ್ಪು ಮೇಲೆದ್ದು ನೆಲ ಬೆಳ್ಳಗೆ ಹೊಳೆಯುತ್ತದೆ. ರೈತರು ಅದಕ್ಕೆ ಸವಳು–ಜವಳು ಎನ್ನುತ್ತಾರೆ. ನೆಲದಡಿ ತೂತಿನ ಪೈಪು ಹೂಳಿ, ಸಿಹಿನೀರು ನಿಲ್ಲಿಸಿ, ಉಪ್ಪನ್ನು ಕರಗಿಸಿ ಹಳ್ಳಕ್ಕೆ ಹರಿಸುವುದು ಅದಕ್ಕಿರುವ ಮದ್ದು. ಎಕರೆಗೆ ಇಷ್ಟು ಎಂದು ಖರ್ಚು ಮಾಡಿ ಅವರು ಹೊರಹಾಕುವ ಆ ಉಪ್ಪು ಹಳ್ಳದಿಂದ ಕೃಷ್ಣೆಗೆ, ಕೃಷ್ಣೆಯಿಂದ ಬಂಗಾಳ ಕೊಲ್ಲಿಗೆ ಹೋಗುತ್ತದೆ.